ಅಧ್ಯಕ್ಷರೇ, ರಹೀಂ ಮಾಸ್ತರರ ಆಟದಲ್ಲಿ ನಮಗೂ ಪಾಲು ಬೇಕು

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ,
ಕಲಬುರಗಿ.

ಮಾನ್ಯರೇ, ನಮಸ್ಕಾರ.

ಕಲಬುರಗಿಯಲ್ಲಿ ಫುಟ್‌ಬಾಲ್‌ಗೆ ಅಂತಲೇ ಒಂದು ಮೈದಾನ ಮಾಡಿಕೊಡಿ. ಹುಲ್ಲಿರಲಿ, ಸಂಜೆ ಆಡಲು ದೀಪ ಇರಲಿ, ವರ್ಷವಿಡೀ ಆಟಕ್ಕೇ ಮೀಸಲಾಗಿರಲಿ. ನನ್ನ ಮುಖ್ಯ ಬೇಡಿಕೆ ಇದು. ಈ ಊರಿಗೆ ಫುಟ್‌ಬಾಲ್ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಅದಕ್ಕೆ ಉತ್ತರ ಏಷ್ಯನ್ ಗೇಮ್ಸ್ ಇತಿಹಾಸದಲ್ಲಿದೆ.

ಮೊದಲ ಏಷ್ಯನ್ ಗೇಮ್ಸ್ ನಡೆದದ್ದು 1951ರಲ್ಲಿ, ದೆಹಲಿಯಲ್ಲಿ. ಫುಟ್‌ಬಾಲ್ ಫೈನಲ್‌ನಲ್ಲಿ ಭಾರತದ ಎದುರು ಇರಾನ್. ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಚಿನ್ನ ನಮ್ಮದಾಯಿತು. ಶೈಲೇನ್ ಮನ್ನಾ ನಾಯಕ. ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಆಗ ಕಲಬುರಗಿ, ಬೀದರ್, ರಾಯಚೂರು ಎಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅಂದರೆ ದೇಶಕ್ಕೆ ಚಿನ್ನ ತಂದ ಕೋಚ್ ಬೇರೆ ಯಾವುದೋ ನಾಡಿನವರಲ್ಲ, ನಮ್ಮದೇ ರಾಜ್ಯದವರು. ವೃತ್ತಿಯಿಂದ ಶಾಲಾ ಮಾಸ್ತರು. ಅವರು ಕಟ್ಟಿದ ಹೈದರಾಬಾದ್ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ಮುಂಬೈಯ ರೋವರ್ಸ್ ಕಪ್ ಟೂರ್ನಿ ಗೆದ್ದಿತ್ತು.

1956ರ ನವೆಂಬರ್ 1ರಂದು ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ರಹೀಂ ಅವರ ತಂಡ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಕನ್ನಡ ನಾಡು ಒಂದಾದದ್ದು ನಮ್ಮ ಭಾಗ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಫುಟ್‌ಬಾಲ್ ಪರಂಪರೆ ಮಾತ್ರ ಗಡಿಯ ಆಚೆಗೇ ಉಳಿಯಿತು ಅನ್ನಿಸುತ್ತದೆ. ಅದನ್ನು ಈಚೆಗೆ ತರಲು ಯಾರೂ ಮನಸ್ಸು ಮಾಡಲಿಲ್ಲ.

1962ರ ಜಕಾರ್ತ ಏಷ್ಯನ್ ಗೇಮ್ಸ್ ಫೈನಲ್ ಕತೆಯನ್ನು ನಮ್ಮ ಶಾಲೆಯ ಮಕ್ಕಳಿಗೆ ಹೇಳಿದಾಗಲೆಲ್ಲ ಅವರ ಕಣ್ಣು ಅರಳುತ್ತದೆ. ಲೀಗ್‌ನ ಮೊದಲ ಪಂದ್ಯದಲ್ಲಿ ಭಾರತ ದಕ್ಷಿಣ ಕೊರಿಯಾಕ್ಕೆ 0–2ರಿಂದ ಸೋತಿತ್ತು. ಫೈನಲ್‌ಗೆ ಬಂದರೆ ಎದುರಿಗೆ ಮತ್ತೆ ಅದೇ ಕೊರಿಯಾ. ಆತಿಥೇಯ ಇಂಡೋನೇಷ್ಯಾ ಇಸ್ರೇಲ್, ತೈವಾನ್ ತಂಡಗಳನ್ನು ಕ್ರೀಡಾಕೂಟದಿಂದ ಹೊರಗಿಟ್ಟದ್ದನ್ನು ಭಾರತದ ಕ್ರೀಡಾ ಆಡಳಿತಗಾರ ಗುರುದತ್ ಸೋಂಧಿ ಪ್ರಶ್ನಿಸಿದ್ದರು. ಆ ಸಿಟ್ಟಿಗೆ ಇಡೀ ಸ್ಟೇಡಿಯಂ ನಮ್ಮ ಆಟಗಾರರ ವಿರುದ್ಧ ಕೂಗುತ್ತಿತ್ತು. ಗೋಲ್‌ಕೀಪರ್ ತಂಗರಾಜ್ ಜ್ವರದಿಂದ ಆಗಷ್ಟೇ ಎದ್ದಿದ್ದರು. ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಅವರು ಹಿಂದೆ ನಿಂತು ಗೋಲು ಕಾಯುವ ಡಿಫೆಂಡರ್. ರಹೀಂ ಮಾಸ್ತರರು ಅವರನ್ನು ಮುಂದೆ ತಂದು ಸೆಂಟರ್ ಫಾರ್ವರ್ಡ್ ಆಗಿ ಆಡಿಸಿದರು. 17ನೇ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಗೋಲು, 20ನೇ ನಿಮಿಷದಲ್ಲಿ ಅದೇ ಜರ್ನೈಲ್ ಗೋಲು. ಕೊರಿಯಾ ಕೊನೆಗೆ ಒಂದು ಹೊಡೆದರೂ 2–1ರಿಂದ ಗೆದ್ದವರು ನಾವೇ. ಚುನಿ ಗೋಸ್ವಾಮಿ ನಾಯಕರಾಗಿದ್ದ ಆ ತಂಡದಲ್ಲಿ ಹೈದರಾಬಾದಿನ ಯೂಸುಫ್ ಖಾನ್, ಸಿಕಂದರಾಬಾದಿನ ತುಳಸಿದಾಸ್ ಬಲರಾಂ ಇದ್ದರು. ಮರುವರ್ಷ ಜೂನ್‌ನಲ್ಲಿ ರಹೀಂ ಕ್ಯಾನ್ಸರ್‌ನಿಂದ ತೀರಿಕೊಂಡರು.

ಕತೆ ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ: "ಸರ್, ಆಮ್ಯಾಲ ಮತ್ತ ಯಾವಾಗ ಗೆದ್ದೀವ್ರೀ?" ಗೆದ್ದಿಲ್ಲ. 1970ರಲ್ಲಿ ಬ್ಯಾಂಕಾಕ್‌ನಲ್ಲಿ ಒಂದು ಕಂಚು ಬಂತು, ಆಗಲೂ ನಾಯಕ ಹೈದರಾಬಾದಿನ ನಯೀಮುದ್ದೀನ್. ಪುರುಷರ ಫುಟ್‌ಬಾಲ್‌ನಲ್ಲಿ ಅದೇ ಕೊನೆಯ ಪದಕ.

ಕೊರಿಯಾ ಏನು ಮಾಡಿತು ನೋಡಿ. 1954 ಮತ್ತು 1958ರ ಫೈನಲ್‌ಗಳಲ್ಲಿ ತೈವಾನ್‌ಗೆ ಸೋತಿತು. 1962ರಲ್ಲಿ ನಮಗೆ ಸೋತಿತು. ಸತತ ಮೂರು ಫೈನಲ್ ಸೋತ ದೇಶ ಅದು. 1970ರಲ್ಲಿ ಬರ್ಮಾ ಜೊತೆ, 1978ರಲ್ಲಿ ಉತ್ತರ ಕೊರಿಯಾ ಜೊತೆ ಚಿನ್ನ ಹಂಚಿಕೊಂಡಿತು. ಆಮೇಲೆ 1986, 2014, 2018ರಲ್ಲಿ ಗೆದ್ದಿತು. 2023ರಲ್ಲಿ ಹಾಂಗ್‌ಝೌನಲ್ಲಿ ಜಪಾನನ್ನು 2–1ರಿಂದ ಸೋಲಿಸಿ ಆರನೇ ಚಿನ್ನ ಪಡೆಯಿತು. ಈಗ ಏಷ್ಯನ್ ಗೇಮ್ಸ್‌ನಲ್ಲಿ ಆಡುವುದು 23 ವರ್ಷದೊಳಗಿನವರ ತಂಡ, ಜೊತೆಗೆ ಮೂವರು ಹಿರಿಯರಿಗೆ ಅವಕಾಶ. ಅಂಥ ತಂಡ ಕಟ್ಟಬೇಕಾದರೆ ಆಟ ಶಾಲೆಯಲ್ಲೇ ಶುರುವಾಗಬೇಕು, ಅಲ್ವಾ?

ನಮ್ಮ ಮಕ್ಕಳು ಆಡುವ ಜಾಗಕ್ಕೆ ಒಮ್ಮೆ ಬನ್ನಿ. ಎರೆ ಮಣ್ಣು. ಏಪ್ರಿಲ್‌ನಲ್ಲಿ ಪಾದ ಸಿಕ್ಕಿಕೊಳ್ಳುವಷ್ಟು ಅಗಲ ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಬೂಟಿಗೆ ಮಣ್ಣು ಮೆತ್ತಿಕೊಂಡು ಕಾಲು ಎತ್ತಲು ಆಗುವುದಿಲ್ಲ. ನಡುವೆ ಯಾವುದಾದರೂ ಸಮಾರಂಭಕ್ಕೆ ಪೆಂಡಾಲ್ ಹಾಕುತ್ತಾರೆ. ಕಂಬ ಕಿತ್ತ ಗುಂಡಿ ಹಾಗೇ ಬಿಟ್ಟು ಹೋಗುತ್ತಾರೆ. ಆಡುವ ಮೊದಲು ಮಕ್ಕಳೇ ಅದರಲ್ಲಿ ಮಣ್ಣು ತುಂಬಿ, ಕಾಲಲ್ಲಿ ತುಳಿದು ಸಮ ಮಾಡುತ್ತಾರೆ. ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ಸಂಜೆ ಆರರವರೆಗೆ ಚೆಂಡು ಮುಟ್ಟುವಂತಿಲ್ಲ, ಏಳಕ್ಕೆ ಕತ್ತಲು. ದೀಪ ಬೇಕು ಅನ್ನುವುದು ಶೋಕಿಗಲ್ಲ.

ಇನ್ನೊಂದು ಬೇಡಿಕೆ ಇದೆ, ಅದಕ್ಕೆ ಖರ್ಚು ಜಾಸ್ತಿ ಇಲ್ಲ. ರಹೀಂ ಮಾಸ್ತರರು ಹೈದರಾಬಾದಿನಲ್ಲಿ ಹುಡುಗರಿಗೆ ವಿಚಿತ್ರ ಟೂರ್ನಿಗಳನ್ನು ನಡೆಸುತ್ತಿದ್ದರು. ಒಂದರಲ್ಲಿ ಡ್ರಿಬ್ಲಿಂಗ್ ಮಾಡುವಂತಿಲ್ಲ, ಪಾಸ್ ಕೊಡುತ್ತಲೇ ಆಡಬೇಕು. ಇನ್ನೊಂದರಲ್ಲಿ ಯಾವ ಕಾಲು ದುರ್ಬಲವೋ ಅದರಲ್ಲೇ ಒದೆಯಬೇಕು. ಎರಡನ್ನೂ ನಮ್ಮ ಮಕ್ಕಳ ಹತ್ತಿರ ಮಾಡಿಸಿದ್ದೇನೆ. ಬಲಗಾಲು ಬಿಟ್ಟರೆ ಗತಿಯಿಲ್ಲ ಅನ್ನುತ್ತಿದ್ದ ಹುಡುಗಿ ಈಗ ಎಡಗಾಲಲ್ಲಿ ಕಾರ್ನರ್ ಹೊಡೆಯುತ್ತಾಳೆ. ಮಂಡಳಿಯ ಏಳೂ ಜಿಲ್ಲೆಗಳ ಶಾಲೆಗಳಿಗೆ ಇಂಥ ಟೂರ್ನಿ ನಡೆಸಿ, ಹುಡುಗಿಯರಿಗೂ ನಡೆಸಿ. ಅದಕ್ಕೆ ರಹೀಂ ಅವರ ಹೆಸರಿಡಿ.

ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಭಾಗದ ಹಿಂದುಳಿದಿರುವಿಕೆ ನೀಗಲು ಪ್ರತ್ಯೇಕ ಮಂಡಳಿ, ಪ್ರತ್ಯೇಕ ಹಣ ಬಂದಿದೆ. ರಸ್ತೆ, ಶಾಲಾ ಕೊಠಡಿ ಮೊದಲು ಆಗಲಿ, ತಕರಾರಿಲ್ಲ. ಅದೇ ಪಟ್ಟಿಯಲ್ಲಿ ಒಂದು ಮೈದಾನವೂ ಸೇರಲಿ. ಬೇಸಿಗೆಯೊಳಗೆ ಜಾಗ ಗುರುತಿಸಿ ನೆಲ ಸಮ ಮಾಡಿಸಿದರೆ, ಮೊದಲ ಮಳೆಗೆ ಹುಲ್ಲು ನಾಟಬಹುದು. ನಾಟುವ ಕೆಲಸಕ್ಕೆ ನಮ್ಮ ಮಕ್ಕಳು, ಅವರ ತಂದೆ-ತಾಯಿ ಎಲ್ಲರೂ ಬರುತ್ತೇವೆ. ಯಾವ ಸರ್ವೆ ನಂಬರಿನ ಜಾಗ ಕೊಡುತ್ತೀರಿ ಅಂತ ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಕಲಬುರಗಿಯ ಒಬ್ಬ ದೈಹಿಕ ಶಿಕ್ಷಣ ಶಿಕ್ಷಕ