ಬೋರ್‌ಗಿಂತ ಮೊದಲು ಹಳೆ ಬಾವಿ

ಪುಣೆಯ ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಈ ಬೇಸಿಗೆಯಿಂದ ನಮ್ಮ ಕೆಲಸದ ರೀತಿ ಬದಲಾಗುತ್ತಿದೆ. ಪುರಂದರ, ಶಿರೂರು, ದೌಂಡ್ ಕಡೆ ಹೊಲ, ಮನೆ ಮಾಡಿಕೊಂಡಿರುವವರು ಬೋರ್ ಹಾಕಿಸಬೇಕು ಅಂತ ಫೋನ್ ಮಾಡಿದರೆ, ಇನ್ನು ಮೊದಲ ದಿನವೇ ಗಾಡಿ ಬರುವುದಿಲ್ಲ. ಮೊದಲು ನಾವು ಬಂದು, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಸುತ್ತಲಿನ ಬಾವಿಗಳ ನೀರು ಎಷ್ಟಿದೆ ನೋಡುತ್ತೇವೆ. ಹಳೆ ಬಾವಿ ಇದ್ದರೆ ಹೂಳು ತೆಗೆದು, ಪಕ್ಕದಲ್ಲಿ ಇಂಗುಗುಂಡಿ ಮಾಡಿ, ಮಳೆನೀರು ಅದಕ್ಕೆ ತಿರುಗಿಸುತ್ತೇವೆ. ಆಮೇಲೂ ಸಾಲದಿದ್ದರೆ ಬೋರ್. ಊರಿನ ಕುಡಿಯುವ ನೀರಿನ ಬಾವಿಯಿಂದ 500 ಮೀಟರ್ ಒಳಗೆ ಮಾತ್ರ ಎಷ್ಟು ಕೊಟ್ಟರೂ ಹಾಕುವುದಿಲ್ಲ. ಈ ಅಂತರ ಮಹಾರಾಷ್ಟ್ರದ 1993ರ ಅಂತರ್ಜಲ ಕಾಯ್ದೆಯಲ್ಲೇ ಇತ್ತು. ನಾವು ಲಕ್ಷ್ಯ ಕೊಟ್ಟಿರಲಿಲ್ಲ.

ಹೋದ ವರ್ಷ ಮಾರ್ಚ್‌ನಲ್ಲಿ ಪುರಂದರ ತಾಲ್ಲೂಕಿನ ಒಂದು ಊರಲ್ಲಿ ಮನೆಗೊಂದು ಬೋರ್ ಹಾಕಿದೆವು. ನೀರು ಚೆನ್ನಾಗಿ ಬಿತ್ತು, ಮನೆಯವರು ಪೇಢೆ ಹಂಚಿದರು. ಮೇ ತಿಂಗಳಲ್ಲಿ ಪಂಪ್ ನೋಡಲು ಹೋದಾಗ ಊರ ಬಾವಿಯ ಕಟ್ಟೆ ಮೇಲೆ ಒಬ್ಬ ಅಜ್ಜಿ ಹಗ್ಗ ಎಳೆಯುತ್ತಿದ್ದರು. ಕೊಡ ತಳದ ಕಲ್ಲಿಗೆ ಕೆರೆಯುವ ಸದ್ದು ಮೇಲಕ್ಕೇ ಕೇಳುತ್ತಿತ್ತು. ಬಂದದ್ದು ಒಂದು ತಂಬಿಗೆ ಕೆಂಪು ನೀರು. ಅದನ್ನೇ ಸೆರಗಿನಲ್ಲಿ ಸೋಸಿಕೊಂಡರು. ಯಾರೋ ಬೋರ್ ಹಾಕಿದ ಮೇಲೆ ಸೆಲೆ ಬತ್ತಿತು ಅಂದರು. ಆ ಬೋರ್ ನಮ್ಮದೇ ಅಂತ ಹೇಳಲು ನಮಗೆ ಬಾಯಿ ಬರಲಿಲ್ಲ.

ಇಲ್ಲಿಯ ನೆಲ ಕಪ್ಪು ಬಸಾಲ್ಟ್ ಕಲ್ಲು. ನೀರು ನಿಲ್ಲುವುದು ಮೇಲಿನ ಸವೆದ ಪದರದಲ್ಲಿ, ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಹೊಸ ನೀರು ಸಿಗುತ್ತದೆ ಅನ್ನುವುದು ಸುಮ್ನೆ ನಂಬಿಕೆ. ಎಷ್ಟೋ ಸಲ ನಾವು ಎಳೆಯುವುದು ಪಕ್ಕದ ಬಾವಿಯ ನೀರನ್ನೇ. ಮಳೆಯನ್ನೂ ಮೊದಲಿನ ಹಾಗೆ ನಂಬುವಂತಿಲ್ಲ. 2023ರ ಆಗಸ್ಟ್ ನೆನಪಿದೆ ಅಲ್ವಾ? 1901ರಿಂದ ಈಚೆಗೆ ದೇಶದಲ್ಲಿ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಬಂದರೆ ಒಂದೇ ಸಲ ಸುರಿದು ಹರಿದುಹೋಗುತ್ತದೆ, ಇಂಗಲು ಪುರುಸೊತ್ತೇ ಕೊಡುವುದಿಲ್ಲ. ವಿಜಯಪುರ, ಕಲಬುರಗಿ ಕಡೆಯಿಂದ ಬಂದ ನಮ್ಮಲ್ಲಿ ಹಲವರಿಗೆ ಟ್ಯಾಂಕರ್ ಮುಂದಿನ ಕೊಡದ ಸಾಲು ಏನೆಂದು ಗೊತ್ತು.

ಅಹಿಲ್ಯಾನಗರ ಜಿಲ್ಲೆಯ ಹಿವರೆ ಬಾಜಾರ್ ನೋಡಿ. ಅಲ್ಲಿ ಬಿದ್ದ ಮಳೆ ಅಳೆದು, ಕುಡಿಯುವ ನೀರು ಮೊದಲು ತೆಗೆದಿಟ್ಟು, ಉಳಿದದ್ದಕ್ಕೆ ಯಾವ ಬೆಳೆ ಅಂತ ಊರೇ ಕೂತು ತೀರ್ಮಾನಿಸುತ್ತದೆ. ಹೊಲಕ್ಕೆ ಬೋರ್ ಹಾಕುವುದನ್ನೇ ಬಿಟ್ಟಿದ್ದಾರೆ.

ನೀರಿನ ಮಟ್ಟ ಅಳೆಯಲು ನಾವು ದುಡ್ಡು ತೆಗೆದುಕೊಳ್ಳುವುದಿಲ್ಲ. ಬೋರ್‌ಗೆ ಮುಂಗಡ ಕೊಟ್ಟವರು ಬೇಡ ಅಂದರೆ ಪೂರ್ತಿ ವಾಪಸ್ ಕೊಡುತ್ತೇವೆ. ಹೂಳು ತೆಗೆಯುವ ಕೆಲಸ ಮಳೆಗೆ ಮೊದಲೇ ಮುಗಿಯಬೇಕು, ಹಾಗಾಗಿ ಮೇ 15ರೊಳಗೆ ಒಂದು ಫೋನ್ ಮಾಡಿ.

ನಿಮ್ಮ ಬೋರ್ ಮತ್ತು ಪಂಪ್ ಕೆಲಸದವರು,
ಹಡಪ್ಸರ್, ಪುಣೆ