ಹೊಸ ಲೋಕಸಭೆಯಲ್ಲಿ ಈ ಸಲ ಮಾತು ನಡೀಲಿ

ಸಂಪಾದಕರಿಗೆ ನಮಸ್ಕಾರ,

2024ರ ಲೋಕಸಭೆ ಚುನಾವಣೆ ರಿಸಲ್ಟ್ ಬಂದು ಹತ್ತು ದಿನ ಆಯ್ತು, ಆದ್ರೂ ಪೇಟೆಗೆ ಹೋದ್ರೂ ಬಸ್ ಹತ್ತಿದ್ರೂ ಯಾರು ಗೆದ್ರು ಯಾರಿಗೆ ಪೆಟ್ಟು ಬಿತ್ತು ಅಂತ ಅದೇ ಮಾತು. ನಂಗೆ ಬೇರೆ ಒಂದು ಹೇಳ್ಬೇಕು ಅನ್ಸಿ ಬರೀತಿದ್ದೇನೆ.

ನಮ್ಮ ಆಯಿಗೆ ಈಗ 82. ಮನೇಲೇ ಕೂತು ವೋಟ್ ಹಾಕೋ ವ್ಯವಸ್ಥೆ 85 ದಾಟಿದವರಿಗೆ ಮಾತ್ರ ಅಂದ್ರು, ಹಾಗಾಗಿ ಮೇ 7ಕ್ಕೆ ಬೆಳಿಗ್ಗೆನೇ ಶಾಲೆಗೆ ಕರ್ಕೊಂಡು ಹೋದೆ, ಏಳೂವರೆಗೇ ಆ ಸೆಕೆ, ಸೀರೆ ಎಲ್ಲಾ ಬೆವರಲ್ಲಿ ಒದ್ದೆ, ಲೈನಲ್ಲಿದ್ದವರು ಮುಂದೆ ಹೋಗಿ ಅಜ್ಜಿ ಅಂದ್ರೂ ಕೇಳ್ಲಿಲ್ಲ, ನನ್ನ ಪಾಳಿ ಬಂದ ಮೇಲೇ ಹೋಗ್ತೆ ಅಂದ್ಲು. ಬಟನ್ ಒತ್ತಿ, ಗಾಜಿನೊಳಗೆ ಚೀಟಿ ಬಿದ್ದಿದ್ದನ್ನ ನೋಡ್ಕೊಂಡೇ ಹೊರಗೆ ಬಂದ್ಲು. ಮೊದ್ಲಾದ್ರೆ ಮುದ್ರೆ ಒತ್ತಿ, ಶಾಯಿ ಬೇರೆ ಗುರುತಿಗೆ ತಾಗ್ದೇ ಇದ್ದ ಹಾಗೆ ಚೀಟಿ ಮಡಚೋದೇ ದೊಡ್ಡ ಕೆಲಸ ಆಗಿತ್ತಂತೆ.

ಅವಳಿಗೆ 1977ರದ್ದು ಈಗ್ಲೂ ನೆನಪಿದೆ. ಪಕ್ಕದ ಮನೆ ರೇಡಿಯೋ ಮುಂದೆ ಕೇರಿಯವರೆಲ್ಲ ಕೂತಿದ್ರಂತೆ, ಇಂದಿರಾ ಗಾಂಧಿ ರಾಯ್ ಬರೇಲಿಯಲ್ಲಿ ಸೋತ್ರು ಅಂದಾಗ ಯಾರೂ ನಂಬ್ಲಿಲ್ವಂತೆ. ನಮ್ಮ ರಾಜ್ಯ ಆಗ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಕೊಟ್ಟಿತ್ತು, ಆದ್ರೂ ದೆಹಲಿಯಲ್ಲಿ ಸರ್ಕಾರ ಬದಲಾಯ್ತು. ಇಲ್ಲಿಯವರು ಯಾರೂ ಅದಕ್ಕೆ ಜಗಳ ಮಾಡ್ಲಿಲ್ಲ, ದೇಶ ಹಾಗೆ ಹೇಳಿದೆ ಅಂತ ಒಪ್ಕೊಂಡ್ರು ಅಂತಾಳೆ ಆಯಿ. ನಂಗೆ ಅದೇ ದೊಡ್ಡದು ಅನ್ಸ್ತದೆ.

ಈ ಸಲನೂ ದೇಶ ಒಂದು ಮಾತು ಹೇಳಿದೆ. ಸುಮಾರು 64 ಕೋಟಿ ಜನ ವೋಟ್ ಹಾಕಿದ್ದು, ಪ್ರಪಂಚದಲ್ಲೇ ಎಲ್ಲೂ ಇಷ್ಟು ಆಗಿಲ್ಲ. ಮೋದಿಯವರು ಮೂರನೇ ಸಲ ಪ್ರಧಾನಿ ಆದ್ರು, ನೆಹರೂ ನಂತರ ಸತತ ಮೂರು ಸಲ ಅಂದ್ರೆ ಇವರೇ, ಆದ್ರೆ ಬಿಜೆಪಿ 240ಕ್ಕೆ ನಿಂತಿತು, ಬಹುಮತಕ್ಕೆ 272 ಬೇಕು. ಕಾಂಗ್ರೆಸ್ಸಿಗೆ 99 ಬಂದಿದೆ, ಅಂದ್ರೆ ಹತ್ತು ವರ್ಷ ಖಾಲಿ ಇದ್ದ ವಿರೋಧ ಪಕ್ಷದ ನಾಯಕನ ಕುರ್ಚಿ ಈಗ ತುಂಬ್ಬೋದು. ಆಳುವವರೂ ಕೇಳುವವರೂ ಇಬ್ರೂ ಗಟ್ಟಿ ಇರ್ಲಿ ಅಂತ ಜನ ಹೇಳಿದ್ದು ಅಂತ ನಾನು ತಿಳ್ಕೊಂಡಿದ್ದೇನೆ. ಹೋದ ಲೋಕಸಭೆಯಲ್ಲಿ ಐದು ವರ್ಷ ಉಪ ಸ್ಪೀಕರ್ ಇರ್ಲೇ ಇಲ್ಲ, ಡಿಸೆಂಬರ್ 2023ರಲ್ಲಿ ಎರಡೂ ಸದನ ಸೇರಿ 146 ಸಂಸದರು ಸಸ್ಪೆಂಡ್. ಇನ್ನು ಹಾಗಾಗ್ಬಾರ್ದು.

ಇನ್ನೊಂದು ಬೇಜಾರು. ವೋಟ್ ಹಾಕಿದವರಲ್ಲಿ 31 ಕೋಟಿಗೂ ಹೆಚ್ಚು ಹೆಂಗಸರು, ಗೆದ್ದ ಹೆಂಗಸರು 543ರಲ್ಲಿ 74 ಮಾತ್ರ, ಹೋದ ಸಲಕ್ಕಿಂತ ಕಡಿಮೆ. ನಮ್ಮ ಉತ್ತರ ಕನ್ನಡದ ಕ್ಷೇತ್ರ 1999ರಲ್ಲೇ ಮಾರ್ಗರೆಟ್ ಆಳ್ವಾ ಅವರನ್ನ ಕಳ್ಸಿತ್ತು. ಮಹಿಳಾ ಮೀಸಲಾತಿ ಕಾನೂನು 2023ರಲ್ಲಿ ಪಾಸಾಗಿದೆ, ಜನಗಣತಿ, ಕ್ಷೇತ್ರ ಮರುವಿಂಗಡಣೆ ಅಂತ ಕಾಯಿಸದೇ ಬೇಗ ತನ್ನಿ.

ನಮ್ಮ ಜಿಲ್ಲೆದು ಹೇಳ್ದೆ ಹೇಗೆ ಮುಗಿಸ್ಲಿ? ಮೂರು ವರ್ಷದ ಹಿಂದೆ ರಾತ್ರಿ ನಮ್ಮ ಮನೆಯವರಿಗೆ ಎದೆನೋವು ಬಂತು, ಇಲ್ಲಿ ಆಗೋದಿಲ್ಲ ಅಂದ್ರು, ಆಂಬ್ಯುಲೆನ್ಸಲ್ಲಿ ಮಣಿಪಾಲಕ್ಕೆ ಹೊರಟ್ವಿ, ಎರಡೂವರೆ ತಾಸು ನಾನು ಅವರ ಕೈ ಹಿಡ್ಕೊಂಡು ಕೂತಿದ್ದೆ, ಹೊನ್ನಾವರ ಸೇತುವೆ ದಾಟಿದ್ದು ಗೊತ್ತು, ಆಮೇಲೆ ಏನೂ ಗೊತ್ತಿಲ್ಲ. ಅವರು ಉಳಿದ್ರು. ಎಲ್ಲರ ಮನೇಲೂ ಹಾಗಾಗ್ಲಿಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜಿಲ್ಲೆ ಪೂರ್ತಿ ಕೂಗಿತ್ತು. ಹುಬ್ಬಳ್ಳಿ–ಅಂಕೋಲಾ ರೈಲು ಯೋಜನೆಯಂತೂ ವಾಜಪೇಯಿ ಕಾಲದಿಂದ ಬಾಕಿ. ನಮ್ಮ ಹೊಸ ಸಂಸದರು ವಿಶ್ವೇಶ್ವರ ಹೆಗಡೆ ಕಾಗೇರಿಯವರು ವಿಧಾನಸಭೆ ಸ್ಪೀಕರ್ ಆಗಿದ್ದವರು, ಸದನದಲ್ಲಿ ಯಾವಾಗ ಹೇಗೆ ಕೇಳ್ಬೇಕು ಅಂತ ಅವರಿಗೆ ಯಾರೂ ಕಲಿಸ್ಬೇಕಾಗಿಲ್ಲ. ಮೊದಲ ಅಧಿವೇಶನದಲ್ಲೇ ಆಸ್ಪತ್ರೆ ವಿಷಯ ಎತ್ತಲಿ ಅಂತ ಕೈಮುಗಿದು ಕೇಳ್ತೇನೆ.

ಜೂನ್ 24ಕ್ಕೆ ಸದನ ಶುರು. ಆಯಿಯ ಉಗುರಿನ ಶಾಯಿ ಅರ್ಧ ಮೇಲೆ ಹೋಗಿದೆ, ಇನ್ನೂ ಅಳಿಸಿಲ್ಲ. ಅವತ್ತು ಟಿವಿ ಹಾಕಿ ಕೊಡು ಅಂತ ಈಗ್ಲೇ ಹೇಳಿ ಇಟ್ಟಿದ್ದಾಳೆ.

ಇಂತಿ ನಿಮ್ಮ ಓದುಗಳು,
ಕುಮಟಾ