ಅರ್ಕಾವತ್ತು ಮೂಡದ ಆವೃತ್ತಿಗೆ ದುಡ್ಡೇಕೆ?

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಡಿಟಿಪಿ ಸೆಂಟರುಗಳೂ ಸಣ್ಣ ಪ್ರಿಂಟಿಂಗ್ ಪ್ರೆಸ್‌ಗಳೂ ಕಂಪ್ಯೂಟರ್ ಬದಲಿಸುವ ಲೆಕ್ಕಾಚಾರದಲ್ಲಿವೆ. ಜೊತೆಗೇ ಏಳುವ ಪ್ರಶ್ನೆ: ಡಿಸೈನ್ ಸಾಫ್ಟ್‌ವೇರಿನ ಯಾವ ಆವೃತ್ತಿ ಕೊಳ್ಳುವುದು? ‘ಲೇಟೆಸ್ಟ್ ಹಾಕಿಸಿಬಿಡಿ ಸಾರ್’ ಎಂಬ ಅಂಗಡಿಯವರ ಉತ್ತರ ಇಂಗ್ಲಿಷ್ ಲೆಟರ್‌ಹೆಡ್ ಮಾಡುವವರಿಗೆ ಸಾಕಾದೀತು. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಸ್ಮರಣ ಸಂಚಿಕೆ ಮಾಡುವವರು ಮೊದಲು ನೋಡಬೇಕಾದ್ದು ಅದರಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ) ಕನ್ನಡ ನೆಟ್ಟಗೆ ಮೂಡುತ್ತದೆಯೇ ಎಂಬುದನ್ನು.

ಪರೀಕ್ಷೆಗೆ ಐದು ನಿಮಿಷ ಸಾಕು. ಟ್ರಯಲ್ ಆವೃತ್ತಿ ಹಾಕಿಕೊಂಡು, ನೋಟೊ ಸಾನ್ಸ್ ಕನ್ನಡದಂಥ ಉಚಿತ ಯೂನಿಕೋಡ್ ಫಾಂಟ್ ಆರಿಸಿ ಏಳು ಪದ ಟೈಪ್ ಮಾಡಿ: ಸ್ತ್ರೀ, ರಾಷ್ಟ್ರ, ಲಕ್ಷ್ಮೀ, ಜ್ಞಾನ, ಸೂರ್ಯ, ಕರ್ನಾಟಕ, ರ‍್ಯಾಂಕ್. ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ನಿಂತರೆ, ಸೂರ್ಯದ ಅರ್ಕಾವತ್ತು ಮೂಡದೆ ‘ರ್’ ಬಿಡಿಯಾಗಿ ಉಳಿದರೆ, ಅಲ್ಲಿಗೆ ಬಿಡಿ. ರ‍್ಯಾಂಕ್ ಪದದಲ್ಲಿ ರ ಆದ ಮೇಲೆ ಕಣ್ಣಿಗೆ ಕಾಣದ ಜೋಡಕವೊಂದು ಇರುತ್ತದೆ. ಅದು ಖಾಲಿ ಚೌಕವಾಗಿ ಕಂಡರೂ ಕೆಲಸ ಕೆಟ್ಟಂತೆಯೇ. ಆಕಾರಗಳೆಲ್ಲ ಫಾಂಟಿನೊಳಗೆ ಇದ್ದರೂ ಅವನ್ನು ಜೋಡಿಸುವುದು ಸಾಫ್ಟ್‌ವೇರಿನ ಅಕ್ಷರ ಎಂಜಿನ್. ಆದ್ದರಿಂದ ಫಾಂಟ್ ಬದಲಿಸುತ್ತ ಕೂರುವುದು ವ್ಯರ್ಥ.

ಪೇಜ್‌ಮೇಕರ್ ಎಂಬ ಅಡೋಬಿ ಕಂಪನಿಯ ಹಳೆಯ ಪುಟ ಜೋಡಣೆ ಸಾಫ್ಟ್‌ವೇರನ್ನು ನೆಚ್ಚಿಕೊಂಡವರು ಇನ್ನೂ ಬಹಳ ಮಂದಿ. ಅದರ ಕೊನೆಯ ಆವೃತ್ತಿ 7 ಹೊರಬಂದದ್ದು 2001ರಲ್ಲಿ. ಯೂನಿಕೋಡ್ ಅದಕ್ಕೆ ಗೊತ್ತೇ ಇಲ್ಲ. ಇಷ್ಟು ವರ್ಷ ನಡೆದದ್ದು ನುಡಿ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಆಸ್ಕಿ (ಯೂನಿಕೋಡ್ ಅಲ್ಲದ ಹಳೆಯ ಬಗೆಯ) ಫಾಂಟುಗಳ ಪುಣ್ಯದಿಂದ. ಅಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದಾರೆ. ನುಡಿಯ ‘ನ’ ಅಕ್ಷರದ ಹಿಂದೆ ಅಡಗಿರುವುದು ಪೌಂಡ್ ಚಿಹ್ನೆ! ಹೀಗಾಗಿ ಯೂನಿಕೋಡ್‌ಗೆ ಪರಿವರ್ತಿಸುವಾಗ ನಡುವೆ ಇರುವ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಇಮೇಲ್ ವಿಳಾಸ, ಪದವಿಯ ಇಂಗ್ಲಿಷ್ ಅಕ್ಷರಗಳನ್ನು ಮೊದಲೇ ತೆಗೆದಿಟ್ಟು ಆಮೇಲೆ ಸೇರಿಸಬೇಕು. ಇನ್ನು ಹಳೆಯ ಪೇಜ್‌ಮೇಕರ್ ಫೈಲುಗಳ ವಿಚಾರ. 6.5 ಮತ್ತು 7ರ ಫೈಲನ್ನು ನೇರ ತೆರೆಯಬಲ್ಲ ಕೊನೆಯ ಇನ್‌ಡಿಸೈನ್ (ಪೇಜ್‌ಮೇಕರ್ ಜಾಗಕ್ಕೆ ಬಂದ ಅಡೋಬಿಯದೇ ಸಾಫ್ಟ್‌ವೇರ್) ಎಂದರೆ 2012ರ ಸಿಎಸ್6. ಆಮೇಲಿನ ಸಿಸಿ ಆವೃತ್ತಿಗಳಲ್ಲಿ ಆ ಸೌಲಭ್ಯವಿಲ್ಲ. ಲೈಸೆನ್ಸ್ ಇರುವ ಸಿಎಸ್6 ನಿಮ್ಮಲ್ಲಿದ್ದರೆ ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಬೇಕಾದ ಫೈಲುಗಳನ್ನೆಲ್ಲ ತೆರೆದು ಐಡಿಎಂಎಲ್ ಎಂಬ ಫೈಲ್ ರೂಪದಲ್ಲಿ ಉಳಿಸಿಕೊಳ್ಳಿ. ಹೊಸ ಇನ್‌ಡಿಸೈನ್ ಅದನ್ನು ಓದುತ್ತದೆ. ಪಿಎಫ್‌ಬಿ, ಪಿಎಫ್‌ಎಂ ಎಂಬ ಎರಡು ಫೈಲುಗಳ ಜೋಡಿಯಾಗಿ ಬರುವ ಹಳೆಯ ಟೈಪ್ 1 ಫಾಂಟುಗಳಿಗೆ ಅಡೋಬಿ 2023ರ ಜನವರಿಯಲ್ಲಿ ಬೆಂಬಲ ನಿಲ್ಲಿಸಿದ್ದೂ ನೆನಪಿರಲಿ.

ಹೊಸ ಇನ್‌ಡಿಸೈನ್ ಹಾಕಿಸಿ ‘ಕನ್ನಡ ಒಡೆದುಹೋಗ್ತಿದೆ’ ಎನ್ನುವವರು ಸಾಮಾನ್ಯವಾಗಿ ಒಂದು ಸೆಟ್ಟಿಂಗ್ ಬಿಟ್ಟಿರುತ್ತಾರೆ. ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೂಲೆಯ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಬೇಕು. ಅಡೋಬಿಯ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ‘ಶೋ ಇಂಡಿಕ್ ಆಪ್ಷನ್ಸ್’ ಟಿಕ್ ಮಾಡಿ, ಪ್ಯಾರಾಗ್ರಾಫ್ ಮೆನುವಿನಲ್ಲಿ ದಕ್ಷಿಣ ಏಷ್ಯಾದ ಕಂಪೋಸರ್ ಆರಿಸಬೇಕು.

ಇನ್ನೊಂದು ಡಿಸೈನ್ ಸಾಫ್ಟ್‌ವೇರ್ ಕೋರೆಲ್‌ಡ್ರಾದಲ್ಲಿ ಸುಧಾರಿತ ಓಪನ್‌ಟೈಪ್ (ಫಾಂಟಿನೊಳಗಿನ ಅಕ್ಷರ ಜೋಡಣೆಯ ನಿಯಮ ಪಾಲಿಸುವ) ಸೌಲಭ್ಯ ಬಂದದ್ದು 2012ರ ಎಕ್ಸ್6ರಲ್ಲಿ. ಯೂನಿಕೋಡ್ ಕೆಲಸವಿರುವವರು ಅದಕ್ಕಿಂತ ಹಿಂದಿನದನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೂ ಮುಟ್ಟಬಾರದು. ಎಸೆನ್ಷಿಯಲ್ಸ್, ಸ್ಟ್ಯಾಂಡರ್ಡ್ ಎಂಬ ಮೊಟಕು ಆವೃತ್ತಿಗಳ ಬೆಲೆ ನೋಡಿ ಮೋಸ ಹೋಗದೆ, ಸಿಎಂವೈಕೆ ಬಣ್ಣ (ಮುದ್ರಣದ ನಾಲ್ಕು ಶಾಯಿಗಳ ಲೆಕ್ಕ, ಕೆ ಎಂದರೆ ಕಪ್ಪು) ಮತ್ತು ಪಿಡಿಎಫ್/ಎಕ್ಸ್ (ಮುದ್ರಣಕ್ಕೆಂದೇ ಇರುವ ಪಿಡಿಎಫ್ ಬಗೆ) ಇವೆಯೇ ಎಂದು ಪಟ್ಟಿಯಲ್ಲಿ ಖಚಿತಪಡಿಸಿಕೊಳ್ಳಿ. ನಿಮ್ಮದು ಹೊಸದು, ಅಚ್ಚಿನ ಪ್ಲೇಟ್ ಹಾಕುವವರದು ಹಳೆಯದಾದರೆ ಸೇವ್ ಮಾಡುವಾಗ ವರ್ಷನ್ ಇಳಿಸಬಹುದು, ಆದರೆ ಹೊಸ ಎಫೆಕ್ಟುಗಳು ಅಲ್ಲಿ ಉಳಿಯುವ ಭರವಸೆಯಿಲ್ಲ. ಅವರು ‘ಕರ್ವ್ ಮಾಡಿ ಕೊಡಿ’ (ಅಕ್ಷರಗಳನ್ನು ಬರಿಯ ರೇಖಾಕಾರವಾಗಿಸಿ) ಎಂದಾಗ ಕಂಟ್ರೋಲ್-ಕ್ಯೂ ಒತ್ತುವುದಕ್ಕೆ ಮೊದಲು ಮೂಲ ಫೈಲನ್ನು ಬೇರೆ ಹೆಸರಲ್ಲಿಡಿ. ವಧುವಿನ ಹೆಸರಿನ ಕಾಗುಣಿತ ತಪ್ಪಿದ್ದರೆ ಕರ್ವ್ ಆದ ಮೇಲೆ ತಿದ್ದಲಾಗದು. ಆಸ್ಕಿ ಫಾಂಟಿನಲ್ಲೇ ಮುಂದುವರಿಯುವವರು ಕ್ವಿಕ್‌ಕರೆಕ್ಟ್ (ಟೈಪ್ ಮಾಡಿದ್ದನ್ನು ತಾನೇ ತಿದ್ದುವ ಸೌಲಭ್ಯ) ಆಫ್ ಮಾಡಬೇಕು. ವಾಕ್ಯದ ಮೊದಲಕ್ಷರವನ್ನು ಅದು ಕ್ಯಾಪಿಟಲ್ ಮಾಡಿದಾಗ ಕನ್ನಡದಲ್ಲಿ ಅಕ್ಷರವೇ ಬೇರೆಯಾಗುತ್ತದೆ.

ದುಡ್ಡಿಲ್ಲದವರಿಗೂ ದಾರಿಯಿದೆ, ಅಲ್ಲೂ ಆವೃತ್ತಿಯ ಮಾತು ಇದ್ದೇ ಇದೆ. ಪುಟ ಜೋಡಣೆಗೆ ಸ್ಕ್ರೈಬಸ್ ಉಚಿತ. ಆದರೆ 1.4ರಲ್ಲಿ ಕನ್ನಡ ಕೂರುವುದಿಲ್ಲ. 2024ರ ಜನವರಿಯಲ್ಲಿ ಬಂದ 1.6 ಅಥವಾ ಅದಕ್ಕಿಂತ ಹೊಸದೇ ಬೇಕು. ಚಿತ್ರ, ಲೋಗೊಗಳಿಗೆ ಇಂಕ್‌ಸ್ಕೇಪ್ ಸೊಗಸು, ಕನ್ನಡವೂ ಸರಿ. ತೊಡಕು ಬಣ್ಣದ್ದು: ಅದು ಕೆಲಸ ಮಾಡುವುದು ಆರ್‌ಜಿಬಿಯಲ್ಲಿ, ಅಂದರೆ ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕದಲ್ಲಿ. ಹಾಗೇ ಆಫ್‌ಸೆಟ್‌ಗೆ ಕೊಟ್ಟರೆ ಕಪ್ಪು ಅಕ್ಷರ ನಾಲ್ಕೂ ಪ್ಲೇಟಿಗೆ ಹಂಚಿಹೋಗುತ್ತದೆ. ರಿಜಿಸ್ಟರ್ (ಪ್ಲೇಟುಗಳ ಹೊಂದಾಣಿಕೆ) ಕೂದಲೆಳೆಯಷ್ಟು ಸರಿದರೂ 9 ಪಾಯಿಂಟಿನ ಒತ್ತಕ್ಷರಗಳು ಮಸುಕು. ಅದಕ್ಕೇ ಇಂಕ್‌ಸ್ಕೇಪಿನ ಎಸ್‌ವಿಜಿ ಫೈಲನ್ನು ಸ್ಕ್ರೈಬಸ್‌ಗೆ ತಂದು ಕಪ್ಪನ್ನು ಕೆ 100, ಉಳಿದ ಮೂರನ್ನು ಸೊನ್ನೆ ಮಾಡಿ ಪಿಡಿಎಫ್ ತೆಗೆಯಬೇಕು. ಅಫಿನಿಟಿ ಎಂಬ ಡಿಸೈನ್ ಸಾಫ್ಟ್‌ವೇರ್ 2025ರ ಅಕ್ಟೋಬರಿನಿಂದ ಉಚಿತವಾಗಿದೆ. ಅದರ 2ನೇ ಆವೃತ್ತಿವರೆಗೂ ಭಾರತೀಯ ಲಿಪಿಗಳ ಜೋಡಣೆ ಇರಲಿಲ್ಲವಾದ್ದರಿಂದ ಮೇಲಿನ ಏಳು ಪದ ಹಾಕಿ ನೋಡದೆ ನಂಬಬೇಡಿ.

ಅಡೋಬಿ 2013ರಿಂದ ಹೊಸ ಆವೃತ್ತಿಗಳನ್ನು ಬಾಡಿಗೆ ಲೆಕ್ಕದಲ್ಲೇ ಕೊಡುತ್ತಿದೆ. ಕೋರೆಲ್‌ನಲ್ಲಿ ಬಾಡಿಗೆಯೂ ಉಂಟು, ಒಂದೇ ಸಲದ ಖರೀದಿಯೂ ಉಂಟು. ಖರೀದಿಸಿದ್ದಕ್ಕೆ ಮುಂದಿನ ವರ್ಷದ ಹೊಸ ಸೌಲಭ್ಯ ಬರುವುದಿಲ್ಲ. ಹೋಲಿಸುವಾಗ ಮೂರು ವರ್ಷದ ಲೆಕ್ಕ ಹಾಕಿ. ಉದಾಹರಣೆಗೆ ತಿಂಗಳಿಗೆ 2,000 ರೂಪಾಯಿ ಎಂದರೆ 72,000, ಶೇ 18ರ ಜಿಎಸ್‌ಟಿ ಸೇರಿ 84,960. ಜಿಎಸ್‌ಟಿ ನೋಂದಣಿ ಇರುವವರು ಬಿಲ್ಲಿನಲ್ಲಿ ನಂಬರ್ ಹಾಕಿಸಿದರೆ ಆ ತೆರಿಗೆಯನ್ನು ಹೊಂದಿಸಿಕೊಳ್ಳಬಹುದು. ‘ವಾರ್ಷಿಕ, ಮಾಸಿಕ ಪಾವತಿ’ ಎಂದು ಬರೆದಿದ್ದರೆ ಅದು ವರ್ಷದ ಒಪ್ಪಂದ. ನಡುವೆ ಬಿಟ್ಟರೆ ದಂಡ ಬೀಳುತ್ತದೆ. ಈ ದಂಡವನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸುತ್ತಿಲ್ಲ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಜೂನ್‌ನಲ್ಲಿ ಅಡೋಬಿ ವಿರುದ್ಧ ಮೊಕದ್ದಮೆಯನ್ನೇ ಹೂಡಿತು.

‘ಕ್ರ್ಯಾಕ್ ಇದೆಯಲ್ಲ’ ಎನ್ನುವವರಿಗೆ: ಕೃತಿಸ್ವಾಮ್ಯ ಕಾಯ್ದೆ 1957ರ 63ಬಿ ಕಲಂ ಪ್ರಕಾರ ಗೊತ್ತಿದ್ದೂ ಕದ್ದ ಸಾಫ್ಟ್‌ವೇರ್ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ.

ತಮ್ಮಲ್ಲಿ ಒಂದು ಕೋರಿಕೆ. ಪತ್ರಿಕೆಗಳ ಜಾಹೀರಾತು ವಿಭಾಗಗಳೂ ಸರ್ಕಾರಿ ಕಚೇರಿಗಳೂ ಆಸ್ಕಿ ಫೈಲ್ ಕೇಳುವವರೆಗೆ ಡಿಟಿಪಿಯವರು ಹಳೆ ಆವೃತ್ತಿಯನ್ನು ಕೈಬಿಡುವಂತಿಲ್ಲ. ತಮ್ಮ ಜಾಹೀರಾತು ದರಪಟ್ಟಿಯಲ್ಲಿ ‘ಫಾಂಟ್ ಅಡಕವಾದ ಪಿಡಿಎಫ್/ಎಕ್ಸ್-4, ಯೂನಿಕೋಡ್ ಪಠ್ಯ ಸ್ವೀಕಾರಾರ್ಹ’ ಎಂದು ಒಂದು ಸಾಲು ಅಚ್ಚು ಹಾಕಿಸಿ.

– ಮುದ್ರಣ ಕೆಲಸದ ಓದುಗ, ಗದಗ